ಎರಡು ಬಾಯಿಯ ಚೀಲ

‘ಲೋಟ ಒಂದು’ ಎಂದು ಆ ಪಟ್ಟಿ ಆರಂಭವಾಗಿತ್ತು. ಒಂದೇ ಒಂದು ಹಿತ್ತಾಳೆಯ ಲೋಟದಿಂದ ಒಂದು ಮನೆಯಲ್ಲಿ ಎಷ್ಟು ದೊಡ್ಡ ವಾಗ್ವಾದ ಏಳಬಹುದು ಎಂಬುದು, ಮಿತ್ರರೇ, ಅಜ್ಜಿಯ ಕೈಯಲ್ಲಿ ಬೆಳೆದವರಿಗೆ ಮಾತ್ರ ಅರ್ಥವಾಗುವ ಸಂಗತಿ. ಅಪ್ಪ ಜಗಲಿಯ ಮೇಲೆ ಕುಳಿತು ಕಾಗದವನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದು ಓದುತ್ತಿದ್ದ. ಅಪ್ಪನ ತಾಯಿಯಾದ ನನ್ನಜ್ಜಿ ಎದುರಿಗೆ ಕುಳಿತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದವಳು ಕೈ ನಿಲ್ಲಿಸಿದಳು.

“ಒಂದೇ ಏನು? ನೀರಿಗೂ ಅದೇ, ಮಜ್ಜಿಗೆಗೂ ಅದೇ? ಯಾರಾದ್ರೂ ಬಂದ್ರೆ ಅವ್ರಿಗೆ ಯಾವುದ್ರಾಗ ಕೊಡ್ತಾಳ?”

“ಕಾಡಿನಾಗ ಯಾರು ಬರ್ತಾರವ್ವ?”

“ಬಂದ್ರೆ?” ಎಂದಳು ಅಜ್ಜಿ. ನಮ್ಮ ಮನೆಯಲ್ಲಿ ಅಜ್ಜಿಯ ‘ಬಂದ್ರೆ’ಗೆ, ‘ಆದ್ರೆ’ಗೆ, ‘ಹೋದ್ರೆ’ಗೆ ಯಾರ ಹತ್ತಿರವೂ ಎಂದೂ ಉತ್ತರವಿದ್ದದ್ದಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ತೊಗರ್ಸಿಯ ಮಗ್ಗುಲಿನ ನಮ್ಮ ಹಳ್ಳಿಯಿಂದ ಹತ್ತನೆಯ ತರಗತಿ ದಾಟಿದ ಮೊದಲ ಹುಡುಗಿ ನಾನು. ಜಿಲ್ಲೆಯ ಪಟ್ಟಣದ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿತ್ತು, ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಒಂದು ಮಂಚವೂ ಗೊತ್ತಾಗಿತ್ತು. ಅಷ್ಟರಲ್ಲಿ ಆ ಹಾಸ್ಟೆಲ್ಲಿನ ಉಸ್ತುವಾರಿ ಹೊತ್ತಿದ್ದ ಅಧ್ಯಾಪಕಿ ಪದ್ಮಾವತಮ್ಮನವರು ಶಿಕಾರಿಪುರ, ಸೊರಬ ತಾಲ್ಲೂಕುಗಳಿಂದ ಹೊಸದಾಗಿ ಸೇರುವ ಎಂಟು ಹುಡುಗಿಯರ ಮನೆಗೂ ಕಾಗದ ಬರೆದರು. ಮೃಗಶಿರ ಮಳೆ ಹಿಡಿಯುವ ಮೊದಲು, ಕಾಲೇಜು ತೆರೆಯುವ ಮೊದಲು, ಎಂಟು ಜನವೂ ಶಿರಾಳಕೊಪ್ಪದಲ್ಲಿ ಕೂಡಬೇಕು. ಅಲ್ಲಿಂದ ಸೊರಬದ ಕಾಡುಗಳ ನಡುವೆ ಮೂರು ದಿನ ಕಾಲ್ನಡಿಗೆಯಲ್ಲಿ ಚಂದ್ರಗುತ್ತಿಯ ಗುಡ್ಡದ ಬುಡ ಮುಟ್ಟಬೇಕು. ಜೊತೆಗೆ ತಾವೂ, ಒಬ್ಬ ಕಾಡಿನ ಗಾರ್ಡೂ, ಅವನ ಹೆಂಡತಿಯೂ ಇರುತ್ತಾರೆ. ಹಾಸ್ಟೆಲ್ಲಿನಲ್ಲಿ ಮೂರು ತಿಂಗಳಿಗೆ ಆಗುವ ಪರಿಚಯ ಕಾಡಿನಲ್ಲಿ ಮೂರು ದಿನಕ್ಕೆ ಆಗುತ್ತದೆ ಎಂಬುದು ಆಕೆಯ ಸಿದ್ಧಾಂತ. ಪಟ್ಟಿಯಲ್ಲಿ ಲೋಟದ ಕೆಳಗೆ ತಟ್ಟೆ ಒಂದು, ಕಂಬಳಿ ಒಂದು, ಉಡುಪು ಎರಡು ಜೊತೆ, ಮೂರು ದಿನಕ್ಕಾಗುವ ಒಣ ಬುತ್ತಿ ಎಂದಿತ್ತು. ಕೊನೆಗೆ ಅಡಿಗೆರೆ ಎಳೆದ ಒಂದು ಸಾಲು: ‘ಇಷ್ಟನ್ನೂ ಬೆನ್ನಚೀಲದಲ್ಲಿ ಹಾಕಿಕೊಂಡು ಅವರವರದನ್ನು ಅವರವರೇ ಹೊರತಕ್ಕದ್ದು.’

ಊರಿನಲ್ಲಿ ಸುದ್ದಿ ಹಬ್ಬಿತು. ಆ ಬೇಸಿಗೆಯಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು. ಜನರಿಗೂ ಜ್ವರ ಬರುತ್ತಿತ್ತು. ಬಂದವರೆಲ್ಲ ಅದನ್ನೇ ಹೇಳಿ ಅಪ್ಪನ ಎದೆ ನಡುಗಿಸಿದರು. ಅಪ್ಪ ಬರೆದ ಕಾಗದಕ್ಕೆ ಪದ್ಮಾವತಮ್ಮನವರು ಮರುಟಪಾಲಿನಲ್ಲಿ ಉತ್ತರಿಸಿ, ತಾವು ಹೋಗುವ ದಾರಿ ಆ ಕಡೆಯದಲ್ಲವೆಂದೂ, ಕಾಡಿನ ಇಲಾಖೆಯವರನ್ನು ಕೇಳಿಯೇ ಗೊತ್ತುಮಾಡಿದ್ದೆಂದೂ ತಿಳಿಸಿದರು. ಅಪ್ಪನ ಸಂಶಯ ಪರಿಹಾರವಾಯಿತು. ಆದರೆ ಪರಿಹಾರವಾಗಬೇಕಾದದ್ದು ಅಪ್ಪನ ಸಂಶಯವಲ್ಲ. “ನಿಮ್ಮಜ್ಜಿ ಹೂಂ ಅಂದ್ರೆ ನಂದೇನಿಲ್ಲ” ಎಂದು ಅಪ್ಪ ಎದ್ದು ಬಿತ್ತುವ ಕೂರಿಗೆಯ ರಿಪೇರಿಗೆ ಹೋದ.

ಅಜ್ಜಿಗೆ ಅರಿವೆ ಚಿಂತೆ ಎನ್ನುವ ಗಾದೆ ನಮ್ಮ ಮನೆಯಲ್ಲಿ ತಿರುವುಮುರುವಾಗಿತ್ತು. ಎರಡು ಜೊತೆ ಉಡುಪಿನಲ್ಲಿ ಯಾವ ಲಂಗ, ಯಾವ ದಾವಣಿ ಎಂಬ ಅರಿವೆಯ ಚಿಂತೆ ನನಗಾದರೆ, ಮದುವೆಯ ಚಿಂತೆ ಅಜ್ಜಿಗೆ. ಆನವಟ್ಟಿಯ ಕಡೆಯಿಂದ ಒಂದು ಗಂಡು ಬಂದಿತ್ತು. ಐದೆಕರೆ ತರಿ ಜಮೀನು, ಹುಡುಗ ಬೀಡಿ ಸೇದುವುದಿಲ್ಲ. ಅಜ್ಜಿ ಎರಡು ದಿನ ತೂಗಿ ನೋಡಿದಳು. ಮೂರನೆಯ ದಿನ ಊಟಕ್ಕೆ ಕುಳಿತಾಗ ತೀರ್ಪು ಕೊಟ್ಟಳು.

“ಹೋಗ್ಲಿ. ಆದ್ರ ಇಲ್ಲಿಂದ ಶಿರಾಳಕೊಪ್ಪದ ತನಕ ತನ್ನ ಭಾರ ತಾನೇ ಹೊತ್ಕೊಂಡು ನಡೀಬೇಕು. ನಾನೂ ಜೊತಿಗೆ ಬರ್ತೀನಿ. ನಡುವೆ ನೆಲಕ್ಕೆ ಇಳಿಸಿ ‘ನನ್ನ ಕೈಲಿ ಆಗಾಂಗಿಲ್ಲ’ ಅಂದ್ಲಾ, ಅಲ್ಲಿಂದನೇ ವಾಪಸ್ಸು. ಕಾಡೂ ಇಲ್ಲ, ಕಾಲೇಜೂ ಇಲ್ಲ. ಆನವಟ್ಟಿಯವ್ರಿಗೆ ಹೇಳಿ ಕಳಿಸೋದು.”

ಹೀಗೆ ಆರು ಮೈಲಿಯ ಒಂದು ಮಣ್ಣಿನ ರಸ್ತೆ ನನ್ನ ಇಡೀ ಬದುಕನ್ನು ಎರಡು ತುದಿಗಳಲ್ಲಿ ಹಿಡಿದು ನಿಂತಿತು. ನನಗೆ ಹದಿನಾರು ವರ್ಷ. ಆರು ಮೈಲಿ ಏನು ಮಹಾ ಎಂದುಕೊಂಡೆ. ಅಷ್ಟಕ್ಕೂ ನಾನು ಮೊದಲು ಸಂಪಾದಿಸಬೇಕಾಗಿದ್ದದ್ದು ಧೈರ್ಯವನ್ನಲ್ಲ, ಬೆನ್ನಚೀಲವನ್ನು.

ಬೆನ್ನಚೀಲ ಎಂಬ ವಸ್ತುವನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ನಮ್ಮಲ್ಲಿ ಹೆಂಗಸರ ಭಾರ ತಲೆಯ ಮೇಲೆ, ಗಂಡಸರದು ಹೆಗಲ ಮೇಲೆ, ಕೂಸುಗಳದು ಕಂಕುಳಲ್ಲಿ. ಬೆನ್ನಿನ ಮೇಲೆ ಹೊರುವುದು ಎತ್ತು, ಕತ್ತೆ, ತಟ್ಟುಕುದುರೆಗಳ ಪಾಡು. ಯೋಚಿಸಿ ನೋಡಿ, ಮನುಷ್ಯನಿಗೆ ತನ್ನದೇ ಆದರೂ ತಾನು ಎಂದೂ ಕಾಣದ ಅಂಗವೆಂದರೆ ಬೆನ್ನು. ಕಾಣದಿರುವುದರ ಮೇಲೆ ಭರವಸೆಯಿಟ್ಟು ಇರುವುದನ್ನೆಲ್ಲ ಅದರ ಮೇಲೆ ಹೇರುವುದಕ್ಕೆ ಒಂದು ಬಗೆಯ ಆಸ್ತಿಕತೆಯೇ ಬೇಕು. ಅಜ್ಜಿಗೆ ದೇವರಲ್ಲಿ ಇದ್ದ ನಂಬಿಕೆ ಬೆನ್ನಿನಲ್ಲಿ ಇರಲಿಲ್ಲ. “ಹಿಂದಿಂದ ಯಾವನಾರ ಕದ್ರೂ ಗೊತ್ತಾಗಾಂಗಿಲ್ಲ” ಎಂದಳು.

ಅಪ್ಪ ನನ್ನನ್ನು ಶಿರಾಳಕೊಪ್ಪದ ಸಂತೆಗೆ ಕರೆದೊಯ್ದು ಹುಸೇನ್ ಸಾಬರ ಅಂಗಡಿಯ ಮುಂದೆ ನಿಲ್ಲಿಸಿದ. ಸಾಬರ ಮನೆತನದವರು ಮೂರು ತಲೆಮಾರಿನಿಂದ ಕಂಟಲೆ ಹೊಲಿಯುವವರು. ಕಂಟಲೆ ಎಂದರೆ ಎತ್ತಿನ ಬೆನ್ನಿನ ಮೇಲೆ ಅಡ್ಡಲಾಗಿ ಎಸೆಯುವ ಜೋಡಿ ಚೀಲ, ಆಚೆಗೊಂದು ಬಾಯಿ, ಈಚೆಗೊಂದು ಬಾಯಿ. ಗಾಡಿ ಹೋಗದ ದಾರಿಯಲ್ಲಿ ಭತ್ತ, ಮೆಣಸು, ಉಪ್ಪು ಎಲ್ಲ ಅದರಲ್ಲೇ ಸಾಗುತ್ತಿದ್ದವು. ಲಾರಿ ಬಂದ ಮೇಲೆ ಗಿರಾಕಿ ಕಡಿಮೆಯಾಗಿದ್ದರೂ ಸಾಬರ ಸೂಜಿ ಕಡಿಮೆಯಾಗಿರಲಿಲ್ಲ.

“ಬೆನ್ನಿಗೆ ಹಾಕೋ ಚೀಲ ಬೇಕಾಗಿತ್ರಿ ಸಾಬ್ರೆ” ಎಂದ ಅಪ್ಪ.

“ಯಾವ ಎತ್ತಿಗೆ ಗೌಡ್ರೆ? ದೊಡ್ಡ ಜೋಡಿಗೋ, ಹೋರಿಗೋ?”

ಅಪ್ಪ ನನ್ನನ್ನು ತೋರಿಸಿದ. ಹುಸೇನ್ ಸಾಬರು ಕನ್ನಡಕ ಏರಿಸಿ ನನ್ನನ್ನು ನೋಡಿದರು. ಅಪ್ಪನನ್ನು ನೋಡಿದರು. ಮಗಳಿಗೇನಾದರೂ ಹರಕೆಯೇ ಎಂದು ಕೇಳಬೇಕೆನ್ನಿಸಿರಬೇಕು, ಮರ್ಯಾದೆಗೆ ಸುಮ್ಮನಾದರು. ಅಪ್ಪ ಕಾಡು, ಕಾಲೇಜು, ಅಧ್ಯಾಪಕಿ ಎಲ್ಲವನ್ನೂ ವಿವರಿಸಿದ ಮೇಲೆ ಅವರ ಮುಖ ಅರಳಿತು. ಒಂದು ದಾರ ತೆಗೆದು ಹೆಗಲಿನಿಂದ ಸೊಂಟಕ್ಕೆ ಅಳೆದರು, ನನ್ನನ್ನು ಹತ್ತು ಹೆಜ್ಜೆ ನಡೆಸಿದರು, ತಿರುಗಿಸಿದರು. ಹಲ್ಲು ನೋಡಲಿಲ್ಲ ಎನ್ನುವುದೊಂದೇ ಸಮಾಧಾನ.

ಮುಂದಿನ ಸಂತೆಗೆ ಚೀಲ ತಯಾರಾಗಿತ್ತು. ಕೋರಾ ಬಟ್ಟೆಯ ಎರಡು ಪದರ, ಮೂಲೆಗಳಿಗೆ ತೊಗಲಿನ ತೇಪೆ, ಎಂಥ ಹೊಲಿಗೆ ಎಂದರೆ ಇವತ್ತಿಗೂ ಒಂದು ಎಳೆ ಬಿಟ್ಟಿಲ್ಲ. ಆದರೆ ಅದಕ್ಕೆ ಎರಡು ಬಾಯಿ. ತಲೆ ತೂರಿಸಿ ಹಾಕಿಕೊಂಡರೆ ಒಂದು ಚೀಲ ಬೆನ್ನಿಗೆ, ಇನ್ನೊಂದು ಎದೆಗೆ. ಕಾಗದದಲ್ಲಿ ಬೆನ್ನು ಮಾತ್ರ ಬರೆದಿದೆಯೆಂದು ನಾನು ಅಳುದನಿಯಲ್ಲಿ ಹೇಳಿದೆ.

“ನೋಡವ್ವ ತಂಗಿ, ಒಂದೇ ಕಡೆ ಹೊತ್ರೆ ಅದು ಎಳೀತದೆ. ಎರಡೂ ಕಡೆ ಸಮ ಹಾಕಿದ್ರೆ ಅದೇ ಕೂಡ್ತದೆ. ನನ್ನ ಚೀಲ ಹೊತ್ತ ಎತ್ತು ಇವತ್ತಿನ ತನಕ ಒಂದೂ ಮುಗ್ಗರಿಸಿಲ್ಲ” ಎಂದರು ಸಾಬರು. ಅಪ್ಪ ಬಹಳ ಮೆಚ್ಚಿಕೊಂಡ. ನಾನು ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಬಂದೆ.

ಹೊರಡುವ ಹಿಂದಿನ ದಿನ ಚೀಲ ತುಂಬುವ ಕೆಲಸವನ್ನು ಅಜ್ಜಿ ಕೈಗೆತ್ತಿಕೊಂಡಳು. ಹಿರಿಯರು ಕಟ್ಟಿಕೊಟ್ಟ ಬುತ್ತಿಯನ್ನು ಮುಟ್ಟುವ ಜಾಗ ಮುಟ್ಟುವತನಕ ಬಿಚ್ಚಬಾರದು ಎಂಬುದು ನಮ್ಮಲ್ಲಿನ ರೂಢಿ, ಆದ್ದರಿಂದ ಒಳಗೇನಿದೆ ಎಂದು ಕೇಳುವ ಪ್ರಶ್ನೆಯೂ ಇರಲಿಲ್ಲ. ಮನುಷ್ಯನಿಗೆ ಮೂರು ದಿನಕ್ಕೆ ನಿಜವಾಗಿ ಬೇಕಾದದ್ದು ಏನು ಎಂಬುದನ್ನು ಶಾಸ್ತ್ರಗಳು ಒಂದು ಬಗೆಯಲ್ಲಿ ಹೇಳುತ್ತವೆ, ಅಡುಗೆಮನೆ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಒಳಗಿನಿಂದ ನನ್ನವ್ವ ರೊಟ್ಟಿ ಬಡಿಯುವ ಸದ್ದು ಸಂಜೆಯವರೆಗೂ ನಿಲ್ಲಲಿಲ್ಲ. ನಾನು ಹೊರಗೆ ಕುಳಿತು ಆ ಸದ್ದನ್ನು ಎಣಿಸುತ್ತ, ನನ್ನೊಬ್ಬಳ ಹೊಟ್ಟೆಗೆ ಇದು ಸ್ವಲ್ಪ ಹೆಚ್ಚಾಯಿತಲ್ಲವೇ ಎಂದುಕೊಂಡೆ.

ಬೆಳಗಿನ ಕೋಳಿ ಕೂಗುವುದಕ್ಕೂ ನಾವು ಅಂಗಳ ಇಳಿಯುವುದಕ್ಕೂ ಸರಿಹೋಯಿತು. ಎತ್ತುಗಳೆಲ್ಲ ಬಿತ್ತನೆಗೆ ಬೇಕಾಗಿದ್ದರಿಂದ ಗಾಡಿಯ ಮಾತೇ ಇರಲಿಲ್ಲ. ಅಪ್ಪ ಚೀಲವನ್ನು ನನ್ನ ತಲೆಯ ಮೇಲಿಂದ ಇಳಿಬಿಟ್ಟಾಗ ನನ್ನ ಮಂಡಿಗಳು ಒಂದು ಸಲ ನಮಸ್ಕಾರ ಮಾಡಿ ಎದ್ದವು. ಬೆನ್ನಚೀಲವೆಂದರೆ ಹೀಗೇ ಇರಬೇಕೆಂದುಕೊಂಡೆ. ಹೋಲಿಸಿ ನೋಡಲು ನಾನು ಬೇರೆ ಯಾವುದನ್ನು ಹೊತ್ತಿದ್ದೆ? ಅಜ್ಜಿ ಅಧ್ಯಾಪಕಿಗೆಂದು ಒಂದು ಬುಟ್ಟಿ ಮಾವಿನಹಣ್ಣನ್ನು ತಲೆಯ ಮೇಲೆ ಇಟ್ಟುಕೊಂಡು, ಕೈಬಿಟ್ಟು, ಮುಂದೆ ನಡೆದಳು. ಅರವತ್ತು ದಾಟಿದ ಆ ಹೆಂಗಸಿನ ಕುತ್ತಿಗೆ ನೇರ, ನಡಿಗೆ ನೇರ, ಮಾತಂತೂ ಮೊದಲಿನಿಂದಲೂ ನೇರ.

ಮೊದಲ ಮೈಲಿ ನಾನು ಹಾಡು ಗುನುಗಿದೆ. ಎರಡನೆಯ ಮೈಲಿಯಲ್ಲಿ ಹಾಡು ನಿಂತಿತು. ಹೊಲಗಳಲ್ಲಿ ಕೂರಿಗೆ ಹೂಡಿದವರು ನಮ್ಮನ್ನು ನೋಡಿ, ಅದರಲ್ಲೂ ಹಿಂದೆ ಮುಂದೆ ಉಬ್ಬಿಕೊಂಡಿದ್ದ ನನ್ನನ್ನು ನೋಡಿ, “ಎಲ್ಲಿಗೆ ಹೊಂಟ್ರಿ ಯಜಮಾನ್ತಿ?” ಎಂದು ಕೇಳುತ್ತಿದ್ದರು. “ಸಂತಿಗೆ” ಎನ್ನುತ್ತಿದ್ದಳು ಅಜ್ಜಿ. ಅವತ್ತು ಸಂತೆಯ ದಿನವಲ್ಲ, ಕೇಳಿದವರಿಗೂ ಗೊತ್ತು, ಅಜ್ಜಿಗೂ ಗೊತ್ತು. ಕಾಲೇಜು ಎಂಬ ಮಾತನ್ನು ಅವಳು ಬಾಯಿಗೆ ತರಲಿಲ್ಲ. ಅರ್ಧ ದಾರಿಯಿಂದ ಹಿಂದಿರುಗಬೇಕಾದೀತು ಎಂದು ಮೊದಲೇ ಮರ್ಯಾದೆಗೆ ಬೇಲಿ ಹಾಕುತ್ತಿದ್ದಾಳೆಂದು ನನಗೆ ಅನಿಸಿ ಸಿಟ್ಟು ಬಂತು. ಸಿಟ್ಟಿನಿಂದ ಇನ್ನೊಂದು ಮೈಲಿ ನಡೆದೆ. ಮಿತ್ರರೇ, ಸಿಟ್ಟಿನಷ್ಟು ಹಗುರವಾದ ಬುತ್ತಿ ಬೇರೊಂದಿಲ್ಲ, ಆದರೆ ಅದು ಬೇಗ ಮುಗಿಯುತ್ತದೆ.

ಕೆರೆಯ ಏರಿಯ ಮೇಲೆ ನನ್ನ ಕಥೆ ಮುಗಿಯುವುದರಲ್ಲಿತ್ತು. ಹೆಗಲು ಉರಿಯುತ್ತಿತ್ತು, ಬೆನ್ನು ಹಿಂದಕ್ಕೆ ಜಗ್ಗುತ್ತಿತ್ತು, ಹಣೆಯ ಬೆವರು ಕಣ್ಣಿಗಿಳಿಯುತ್ತಿತ್ತು. ಆ ಏರಿಯ ಮೇಲೊಂದು ಹೊರೆಗಲ್ಲು ಇದೆ. ತಲೆಹೊರೆಯವರು ಯಾರ ಸಹಾಯವೂ ಇಲ್ಲದೆ ತಮ್ಮ ಭಾರವನ್ನು ಸರಿಸಿಟ್ಟು ಸುಧಾರಿಸಿಕೊಳ್ಳಲೆಂದು ಹಿಂದಿನವರು ಆಳೆತ್ತರಕ್ಕೆ ಎರಡು ಕಂಬ ನಿಲ್ಲಿಸಿ ಮೇಲೊಂದು ಚಪ್ಪಡಿ ಹಾಸಿದ್ದರು. ಅಜ್ಜಿ ಹೋಗಿ ತನ್ನ ಬುಟ್ಟಿಯನ್ನು ಅದರ ಮೇಲೆ ಜಾರಿಸಿ ಸೆರಗಿನಿಂದ ಗಾಳಿ ಹಾಕಿಕೊಂಡಳು.

“ಹೊರೆಗಲ್ಲಿನ ಮೇಲೆ ಇಳಿಸಿದ್ರೆ ಅದು ನೆಲಕ್ಕೆ ಇಳಿಸಿದಂಗಲ್ಲ. ನೀನೂ ಇಳಿಸ್ಬೋದು” ಎಂದಳು. ಇಳಿಸುವುದು ಹೇಗೆ? ಕಲ್ಲು ಇದ್ದದ್ದು ತಲೆಯ ಮಟ್ಟಕ್ಕೆ. ನನ್ನ ಹೊರೆ ಇದ್ದದ್ದು ಕತ್ತಿನ ಕೆಳಗೆ. ಶತಮಾನಗಳಿಂದ ದಾರಿಹೋಕರಿಗೆಲ್ಲ ನೆರವಾದ ಧರ್ಮ ಕಾಲೇಜಿಗೆ ಹೋಗುವ ಹುಡುಗಿಯ ಮಟ್ಟಿಗೆ ಎರಡು ಮೊಳ ಎತ್ತರದಲ್ಲಿತ್ತು. ನನಗೆ ಅಳು ಬಂತು, ಅಳುವಿನ ಹಿಂದೆಯೇ ನಗುವೂ ಬಂತು. ಒಂದು ಕಂಬಕ್ಕೆ ಬೆನ್ನು ಕೊಟ್ಟು, ಹಿಂದಿನ ಚೀಲ ಕಂಬಕ್ಕೆ ಒತ್ತುವಂತೆ ವಾಲಿ, ಕಣ್ಣು ಮುಚ್ಚಿ ನೂರರವರೆಗೆ ಎಣಿಸಿದೆ. ಕಣ್ಣು ತೆರೆದಾಗ ಅಜ್ಜಿ ನನ್ನನ್ನೇ ನೋಡುತ್ತಿದ್ದಳು.

“ಏನು, ಸಾಕಾ?”

“ನಡಿ ಅಜ್ಜಿ” ಎಂದೆ.

ಅಲ್ಲಿಂದ ಮುಂದೆ ಅಜ್ಜಿಯ ಹೆಜ್ಜೆ ಏಕೋ ನಿಧಾನವಾಯಿತು. ನಾನು ಅವಳ ಹಿಂದೆ ಇದ್ದವಳು ಪಕ್ಕಕ್ಕೆ ಬಂದೆ. ಶಿರಾಳಕೊಪ್ಪ ಇನ್ನೊಂದು ಮೈಲಿ ಇರುವಾಗ ಎದುರಿಗೆ ಬಂದ ಬಳೆಗಾರ ಎಲ್ಲಿಗೆಂದು ಕೇಳಿದ. ಅಜ್ಜಿ “ನನ್ನ ಮೊಮ್ಮಗಳು ಕಾಲೇಜಿಗೆ ಹೊಂಟಾಳ. ಬಿಟ್ಟುಬರಾಕ ಹೊಂಟೀನಿ” ಎಂದಳು. ನನ್ನ ಕಾಲಿಗೆ ಎಲ್ಲಿಂದಲೋ ಹೊಸ ಬಲ ಬಂತು.

ಎಲ್ಲರೂ ಕೂಡಬೇಕಾದ ಜಾಗ ಹುಸೇನ್ ಸಾಬರ ಅಂಗಡಿಯ ಜಗಲಿ. ಬಸ್ ನಿಲ್ಲುವ ಜಾಗಕ್ಕೆ ಅದೇ ಹತ್ತಿರ. ಅಲ್ಲಿ ಕಂಡ ನೋಟದಿಂದ ನನ್ನ ಎರಡು ಬಾಯಿಯ ಚೀಲದ ನಾಚಿಕೆ ಒಂದೇ ಸಲಕ್ಕೆ ಹಾರಿಹೋಯಿತು. ಎಂಟು ಮನೆಗಳು ಬೆನ್ನಚೀಲವೆಂಬುದನ್ನು ಎಂಟು ಬಗೆಯಲ್ಲಿ ಅರ್ಥಮಾಡಿಕೊಂಡಿದ್ದವು. ಒಬ್ಬಳದು ಗೋಣಿಚೀಲಕ್ಕೆ ಬಾವಿಹಗ್ಗ. ಇನ್ನೊಬ್ಬಳದು ತಮ್ಮನ ತೊಟ್ಟಿಲ ಜೋಲಿ. ಅರಿವೆ ವ್ಯಾಪಾರಿಗಳ ಮಗಳು ಜೈಬುನ್ನಿಸಾಳದು ರೇಷ್ಮೆಯ ಅಂಚಿನ ಮೆತ್ತೆಯ ಗವಸು. ಸೊರಬದ ಲಲಿತೆಯಂತೂ ಒಂದು ತಗಡಿನ ಟ್ರಂಕಿಗೆ ಎರಡು ಪಟ್ಟಿ ಬಿಗಿದು ಬೆನ್ನಿಗೆ ಕಟ್ಟಿಕೊಂಡು ಬಂದಿದ್ದಳು.

“ಎಂತ ಮಾಡೂದು ಮಾರಾಯ್ತಿ, ಅಮ್ಮ ಹೇಳ್ತು, ಚೀಲ ಆದ್ರೆ ಇರುವೆ ಹತ್ತುತ್ತು ಅಂತ” ಎಂದಳು ಅವಳು ನಗುತ್ತ.

ಪದ್ಮಾವತಮ್ಮನವರು ಒಂದೊಂದೇ ಹೊರೆ ಎತ್ತಲು ಹೋಗಿ ಗಾಬರಿಯಾದರು. ಒಂದನ್ನೂ ಎತ್ತಲಾಗುತ್ತಿರಲಿಲ್ಲ. ಬಿಚ್ಚಿಸಿದರು. ಪ್ರತಿಯೊಂದರಲ್ಲೂ ಒಬ್ಬಳಿಗಲ್ಲ, ಎಂಟು ಜನಕ್ಕೆ ಮೂರು ದಿನಕ್ಕಾಗುವ ತಿಂಡಿ ಇತ್ತು. ಏಳು ಮಕ್ಕಳ ಕಣ್ಣೆದುರಿಗೆ ತನ್ನ ಮಗಳೊಬ್ಬಳೇ ಹೇಗೆ ತಿಂದಾಳು ಎಂದು ಎಂಟು ತಾಯಂದಿರೂ ಯೋಚಿಸಿದ್ದರು. ಉಳಿದ ಏಳು ತಾಯಂದಿರೂ ಹಾಗೆಯೇ ಯೋಚಿಸುತ್ತಾರೆಂದು ಒಬ್ಬಳಿಗೂ ಹೊಳೆದಿರಲಿಲ್ಲ. ಜೋಳದ ರೊಟ್ಟಿಯ ಕಟ್ಟು, ಅಕ್ಕಿ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿ, ಅಪ್ಪೆಮಿಡಿ, ಜೈಬುನ್ನಿಸಾಳ ತಾಯಿ ಕಳಿಸಿದ್ದ ಸಕ್ಕರೆಯ ಬಿಸ್ಕತ್ತು, ಉಂಡೆಗಳಲ್ಲಿ ಎಷ್ಟು ಜಾತಿಯೋ ಅಷ್ಟೂ. ಅಷ್ಟನ್ನು ಹೊತ್ತು ಕಾಡಿಗೆ ಹೋಗುವಂತಿಲ್ಲ, ಬಿಟ್ಟು ಹೋಗುವಂತೆಯೂ ಇಲ್ಲ. ಉಳಿದದ್ದು ಒಂದೇ ದಾರಿ. ಮೂರು ದಿನಕ್ಕೆ ಬೇಕಾದಷ್ಟನ್ನು ಎಂಟು ಪಾಲು ಮಾಡಿ ತೆಗೆದಿಟ್ಟು, ಜಗಲಿಯ ಮೇಲೆ ಚಾಪೆ ಹಾಸಿ ಮಿಕ್ಕದ್ದೆಲ್ಲವನ್ನೂ ಮಧ್ಯಕ್ಕೆ ಸುರಿದು ಕುಳಿತೆವು. ಮನೆಯಲ್ಲಿ ಯಾರ ಪಂಕ್ತಿಯಲ್ಲಿ ಯಾರು ಕೂರಬಹುದೆಂದು ನೂರು ಕಟ್ಟಳೆ ಕಲಿತು ಬಂದಿದ್ದ ನಾವು ಒಬ್ಬರ ತಟ್ಟೆಗೊಬ್ಬರು ಕೈಹಾಕಿ ತಿಂದೆವು. ಹುಸೇನ್ ಸಾಬರ ಮನೆಯಿಂದ ಚಹಾ ಬಂತು, ತಿಂದು ಮಿಕ್ಕದ್ದು ಆ ಮನೆಗೂ ಬೀದಿಯವರಿಗೂ ಹೋಯಿತು. ಕಾಡಿನಲ್ಲಿ ಮೂರು ದಿನಕ್ಕೆ ಆಗಬೇಕಾಗಿದ್ದ ಪರಿಚಯ ಕಾಡು ಕಾಣುವ ಮೊದಲೇ ಮುಗಿದುಹೋಯಿತಲ್ಲ ಎಂದು ಪದ್ಮಾವತಮ್ಮನವರು ನಕ್ಕರು. ಅಜ್ಜಿ ಜಗಲಿಯ ತುದಿಗೆ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು. ಜೈಬುನ್ನಿಸಾ ಹೋಗಿ ಬಿಸ್ಕತ್ತು ಚಾಚಿದಾಗ ಒಂದು ಕ್ಷಣ ತಡೆದು, ತೆಗೆದುಕೊಂಡು, ಅರ್ಧ ಮುರಿದು ಬಾಯಿಗಿಟ್ಟುಕೊಂಡಳು.

ಹೊರಡುವ ಹೊತ್ತಾಯಿತು. ನನ್ನ ಚೀಲದ ಎದೆಯ ಕಡೆಯ ಬಾಯಿಯಲ್ಲಿ ಲೋಟ, ತಟ್ಟೆ, ಉಡುಪು, ನನ್ನ ಪಾಲಿನ ಬುತ್ತಿ ಇಷ್ಟೇ ಉಳಿದಿತ್ತು. ಬೆನ್ನಿನ ಕಡೆಯದರಲ್ಲಿ ಕಂಬಳಿಯ ಸುರುಳಿಯೊಂದೇ ಇದೆಯೆಂದು ಅದನ್ನು ಬಿಚ್ಚಿರಲಿಲ್ಲ. ಹುಸೇನ್ ಸಾಬರು ತಮ್ಮ ಕೆಲಸವನ್ನು ಕಣ್ತುಂಬ ನೋಡಬೇಕೆಂದು ತಾವೇ ಚೀಲ ಎತ್ತಿದರು. ಅದು ಹಿಂದಕ್ಕೆ ಜೋತುಬಿತ್ತು. ಸಾಬರ ಮುಖ ಕಪ್ಪಿಟ್ಟಿತು.

“ಇದು ಹಿಂಗೆ ಜಗ್ಗಾಂಗಿಲ್ಲ. ಕಂಬಳಿ ಇಷ್ಟು ತೂಕ ಇರಾಂಗಿಲ್ಲ. ನನ್ನ ಹೊಲಿಗಿ ಹೆಸರು ಕೆಡ್ತದೆ, ಬಿಚ್ಚಿ ತೋರ್ಸವ್ವ.”

ಬಿಚ್ಚಿದೆ. ಕಂಬಳಿಯ ಸುರುಳಿಯ ನಡುವಿನಿಂದ ಹೊರಳಿ ಹೊರಬಂದದ್ದು ನಮ್ಮ ಮನೆಯ ಒರಳಿನ ಗುಂಡು. ಚಟ್ನಿ ರುಬ್ಬುವ, ನಮ್ಮ ಮುತ್ತಜ್ಜಿಯ ಕಾಲದಿಂದ ಸವೆದು ನುಣುಪಾದ, ಕರಿಕಲ್ಲಿನ ಗುಂಡು. ಹಿಂದಿನ ಸಂಜೆಯೆಲ್ಲ ಅವ್ವ ಅದನ್ನು ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಖಾರವನ್ನು ಕೈಯಲ್ಲಿ ಹಿಚುಕಿದ್ದಳು. ಆರು ಮೈಲಿ ಅದು ನನ್ನ ಬೆನ್ನಿನ ಮೇಲಿತ್ತು.

ನಾನು ಅಜ್ಜಿಯ ಕಡೆ ತಿರುಗಿದೆ. ಅವಳು ಮುಖ ಮರೆಸಲಿಲ್ಲ.

“ನಾನೇ ಇಟ್ಟೆ. ಅಷ್ಟು ದೂರ ಹೋಗಿ, ಗುರ್ತಿಲ್ಲದವ್ರ ಮುಂದ ಸೋತು ಬಂದ್ರ ನಿನಗ ತಲಿ ಎತ್ತಾಕ ಆಗಾಂಗಿಲ್ಲ. ಸೋಲೋದಿದ್ರ ನನ್ನ ಮುಂದ ಸೋಲ್ಲಿ, ನಾನು ಯಾರಿಗೂ ಹೇಳಾಂಗಿಲ್ಲ ಅಂತ ಇಟ್ಟೆ. ಕೆರೆ ಏರಿ ಮೇಲೆ ಇಳಿಸ್ತಿ ಅಂದ್ಕೊಂಡಿದ್ದೆ.” ಗುಂಡನ್ನು ತನ್ನ ಕಡೆಗೆ ಎಳೆದುಕೊಂಡು ಹೇಳಿದಳು: “ನೀನು ಇಳಿಸಲಿಲ್ಲ.”

ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ನಾವು ಹೊರುವ ಭಾರಗಳಲ್ಲಿ ಎಷ್ಟನ್ನು ನಮ್ಮನ್ನು ತಡೆಯಲೆಂದು ಇಟ್ಟಿರುತ್ತಾರೆ, ಎಷ್ಟನ್ನು ಕಾಯಲೆಂದು ಇಟ್ಟಿರುತ್ತಾರೆ ಎಂಬುದನ್ನು ಬಿಡಿಸಿ ಹೇಳುವುದು ಈ ವಯಸ್ಸಿನಲ್ಲೂ ನನ್ನಿಂದ ಆಗಿಲ್ಲ. ಅವತ್ತು ನಾನು ಮಾಡಿದ್ದು ಇಷ್ಟೆ: ಜೋರಾಗಿ ನಕ್ಕುಬಿಟ್ಟೆ. ಲಲಿತೆ ನಕ್ಕಳು, ಎಲ್ಲರೂ ನಕ್ಕರು, ಹೊಲಿಗೆಯ ಹೆಸರು ಉಳಿದ ಹುಸೇನ್ ಸಾಬರು ಎಲ್ಲರಿಗಿಂತ ಹೆಚ್ಚು ನಕ್ಕರು. ಅಜ್ಜಿ ಮಾತ್ರ ನಗದೆ ಹೆಗಲ ಮೇಲಿದ್ದ ಟವೆಲ್ಲನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲೆ ಇಟ್ಟುಕೊಂಡಳು. ಮಾವಿನಹಣ್ಣು ಖಾಲಿಯಾದ ಬುಟ್ಟಿಯಲ್ಲಿ ಗುಂಡನ್ನು ಕೂರಿಸಿದಳು.

“ಇಲ್ಲೇ ಇರ್ಲಿ ಅಜ್ಜಿ, ಸಂತಿ ದಿನ ಅಪ್ಪ ಗಾಡಿ ತರ್ತಾನ” ಎಂದೆ.

“ನಿಮ್ಮವ್ವ ನಾಳಿ ಚಟ್ನಿ ಯಾವುದ್ರಾಗ ರುಬ್ತಾಳ? ನಾನು ಹೇರಿದ್ದು ನಾನೇ ಹೊರ್ತೀನಿ. ಒಂದು ಕೈ ಹಚ್ಚು.”

ನಾನು ಬುಟ್ಟಿಯನ್ನು ಎರಡೂ ಕೈಯಿಂದ ಎತ್ತಿ ಅವಳ ತಲೆಯ ಮೇಲೆ ಇಟ್ಟೆ. ಎಷ್ಟು ಭಾರವಿತ್ತು ಎಂಬುದು ನನಗೆ ಸರಿಯಾಗಿ ತಿಳಿದದ್ದು ಆಗಲೇ. ಅವಳು ಒಂದು ಸಲ ಕುತ್ತಿಗೆ ಸರಿಮಾಡಿಕೊಂಡು, ಕೈಬಿಟ್ಟು, ಬಂದ ದಾರಿಯಲ್ಲಿ ನಡೆಯತೊಡಗಿದಳು. ನಾವು ಎಂಟು ಜನ ಜಗಲಿಯ ಮೇಲೆ ನಿಂತು ನೋಡಿದೆವು. ರಸ್ತೆ ತಿರುಗುವ ತನಕವೂ ಅವಳು ಹಿಂದಿರುಗಿ ನೋಡಲಿಲ್ಲ. ತಲೆಯ ಮೇಲೆ ಕಲ್ಲು ಹೊತ್ತವರು ಹಿಂದಿರುಗಿ ನೋಡುವ ಹಾಗಿಲ್ಲ. ತಿರುವಿನಲ್ಲಿ ಒಂದು ಕೈಯನ್ನು ಮಾತ್ರ ಎತ್ತಿ, ಹೋಗು, ಹೋಗು ಎಂದು ಮುಂದಕ್ಕೆ ಬೀಸಿದಳು.